ಹಾಸಿಗೆ ಅಂಗಡಿಯಲ್ಲಿ ಜ್ವರ

ಆ ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದವರು ಕೂರುವಂತಿರಲಿಲ್ಲ. ಎಲ್ಲಿ ನೋಡಿದರೂ ಮಂಚ, ಮಂಚದ ಮೇಲೆ ದಪ್ಪ ದಪ್ಪ ಹಾಸಿಗೆ, ಉಬ್ಬಿದ ದಿಂಬು. ನಡುವೆ ಬೆಳಗಿನಿಂದ ಕಂಬದಂತೆ ನಿಂತ ಒಬ್ಬ ಹೆಂಗಸು. ಕೆಲಸದವರು ಕೂತರೆ ಗಿರಾಕಿಗೆ ಸೋಮಾರಿತನ ಕಾಣುತ್ತದೆ ಎನ್ನುವುದು ಯಜಮಾನನ ಸಿದ್ಧಾಂತ. ಈ ಮಾತನ್ನು ಅವನು ಹೇಳುತ್ತಿದ್ದುದು ತಿರುಗುವ ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿಕೊಂಡು.

ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಯಜಮಾನನೂ ಸೇರಿ. ಸಂಬಳ ಏರಿಸಲು ಮನಸ್ಸಿಲ್ಲದವರು ಸಂಬಂಧ ಬೆಳೆಸುತ್ತಾರೆ ಎಂದು ಅವಳು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಆ ಶನಿವಾರ ಏಳುವಾಗಲೇ ಅವಳ ಮೈ ಕೆಂಡವಾಗಿತ್ತು. ಕೀಲುಕೀಲೂ ನೋವು. ಗಂಡನಿಗೆ ಹೇಳಿದಳು.

"ಜ್ವರಾನಾ? ನಂಗೂ ನಿನ್ನೆಯಿಂದ ಒಂದು ಮೂಗು ಕಟ್ಟಿದೆ ಕಣೇ," ಎಂದು ಅವನು ಹೊದಿಕೆ ಎಳೆದುಕೊಂಡ. "ಟೀಗೆ ಶುಂಠಿ ಸ್ವಲ್ಪ ಜಾಸ್ತಿ ಹಾಕು."

ಕಣ್ಣಲ್ಲಿ ನೀರು ಬರುವಷ್ಟು ಹಾಕಿ ಕೊಟ್ಟಳು. ಆಮೇಲೆ ರಜ ಕೇಳಲು ಯಜಮಾನನಿಗೆ ಫೋನ್ ಮಾಡಿದಳು.

"ಶನಿವಾರಾನೇ ಜ್ವರ ಬರ್ಬೇಕಾ ಅಕ್ಕಾ? ಏನೂ ಮಾಡ್ಬೇಡಿ, ಬಂದು ಸುಮ್ನೆ ನಿಂತ್ಕೊಳ್ಳಿ ಸಾಕು."

ಸುಮ್ಮನೆ ನಿಲ್ಲುವುದೇ ಆ ಕೆಲಸದ ಕಷ್ಟವೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಅವನು ನಿಂತದ್ದನ್ನು ಕಂಡವರೇ ಇರಲಿಲ್ಲ.

ಮಾತ್ರೆ ನುಂಗಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಮಂಚಗಳೆಲ್ಲ ದೋಣಿಯಂತೆ ತೂಗತೊಡಗಿದವು. ಗೋಡೆಗೆ ಒರಗಿದ್ದೇ ತಡ, ಯಜಮಾನ ಗಾಜಿನ ಕೋಣೆಯಿಂದ ತಲೆ ಹೊರಹಾಕಿದ.

"ಜ್ವರ ಅನ್ನೋದೆಲ್ಲ ಬರೀ ಮನಸ್ಸಿನ ಭ್ರಮೆ ಅಕ್ಕಾ. ನಾನಂತೂ ಜ್ವರ ಅಂತ ಒಂದು ದಿನಾನೂ ಮಲಗಿಲ್ಲ."

ನಿಜವೇ. ಅವನು ಜ್ವರವಿಲ್ಲದೆಯೇ ಮಲಗುತ್ತಿದ್ದ. ಊಟವಾದ ಮೇಲೆ ದಿನಾ, ಕೋಣೆಯ ಪರದೆ ಎಳೆದುಕೊಂಡು.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಬಂದರು. ಗಂಡ ಬೂಟು ಸಮೇತ ಒಂದೊಂದೇ ಹಾಸಿಗೆಯ ಮೇಲೆ ಉರುಳಿದ. ಒಂದು ಮೆತ್ತಗಾಯಿತು, ಇನ್ನೊಂದು ಗಟ್ಟಿಯಾಯಿತು, ಮೂರನೆಯದು ಅವನ ಮೇಲೆ ಮುನಿಸಿಕೊಂಡಂತಿತ್ತು.

"ಆಫೀಸಲ್ಲಿ ಕೂತು ಕೂತು ಬೆನ್ನು ಹೋಯ್ತಮ್ಮಾ," ಎಂದು ಮಲಗಿಕೊಂಡೇ ನರಳಿದ. "ನಿಮ್ ಥರ ನಿಂತು ಕೆಲಸ ಮಾಡೋರೇ ಪುಣ್ಯವಂತರು."

ಆ ಪುಣ್ಯವನ್ನೆಲ್ಲ ಅಲ್ಲೇ ಅವನಿಗೆ ಧಾರೆ ಎರೆದುಬಿಡಲು ಅವಳು ತಯಾರಿದ್ದಳು.

ಹೆಂಡತಿಗೆ ಇನ್ನೂ ಅನುಮಾನ. "ನೀವೇ ಒಂದ್ಸಲ ಮಲಗಿ ತೋರ್ಸಿ. ಪಕ್ಕಕ್ಕೆ ತಿರುಗಿದ್ರೆ ಬೆನ್ನು ನೆಟ್ಟಗಿರತ್ತಾ ನೋಡೋಣ."

ಕೆಲಸದವರು ಹಾಸಿಗೆ ಮುಟ್ಟುವಂತಿರಲಿಲ್ಲ. ಆದರೆ ಗಿರಾಕಿ ಹೇಳಿದ್ದೇ ವೇದವಾಕ್ಯ ಎಂದು ಕಲಿಸಿದವನೂ ಯಜಮಾನನೇ. ಚಪ್ಪಲಿ ಬಿಟ್ಟಳು, ಮಲಗಿದಳು, ಪಕ್ಕಕ್ಕೆ ತಿರುಗಿದಳು. ಆಮೇಲಿನದು ಅವಳಿಗೆ ಗೊತ್ತಿಲ್ಲ. ಎಲ್ಲ ನೋಡಿದ್ದ ಅಂಗಡಿ ಬಾಗಿಲ ಕಾವಲುಗಾರ ಆಮೇಲೆ ನಗುತ್ತಾ ಹೇಳಿದ್ದಿಷ್ಟು: ಯಜಮಾನ "ಏನಿದು!" ಎಂದು ಕಿರುಚುತ್ತಾ ಓಡಿಬಂದನಂತೆ. ಗಿರಾಕಿ ಬಾಯಿಯ ಮೇಲೆ ಬೆರಳಿಟ್ಟು, "ಶ್! ತಲೆ ಇಟ್ಟ ತಕ್ಷಣ ನಿದ್ದೆ ಬಂತು ನೋಡಿ. ನಮಗೆ ಇದೇ ಬೇಕು," ಎಂದನಂತೆ. ಯಜಮಾನ ತುದಿಗಾಲಲ್ಲಿ ನಡೆದು ಹೋಗಿ ಬಿಲ್ಲು ಬರೆದನಂತೆ.

ಸಂಜೆ ಅವಳು ಕಣ್ಣು ಬಿಟ್ಟಾಗ ಅವನು ಹಲ್ಲು ಕಿಸಿದುಕೊಂಡು ನಿಂತಿದ್ದ.

"ಏನು ನಟನೆ ಅಕ್ಕಾ! ಇನ್ಮೇಲೆ ಗಿರಾಕಿ ಬಂದಾಗೆಲ್ಲ ಹೀಗೇ ಮಲಗಿಬಿಡಿ."

ಅವಳು ಅವನ ಕೈ ಹಿಡಿದು ತನ್ನ ಹಣೆಯ ಮೇಲಿಟ್ಟಳು. ಅವನು ಬೆಚ್ಚಿ ಹಿಂದಕ್ಕೆಳೆದುಕೊಂಡ.

"ಅಯ್ಯಯ್ಯೋ, ಸುಡ್ತಿದೆ! ಹಾಸಿಗೆಗೆ ಬೆವರು ಹತ್ತಿಲ್ಲ ತಾನೆ? ಅದು ಮಾರಾಟ ಆಗಿದೆ."

ಅವಳಿಗೆ ಕೋಪವೂ ಬರಲಿಲ್ಲ. ಇಂಥವನ ಮೇಲೆ ಕೋಪ ಖರ್ಚು ಮಾಡುವುದು ದಂಡ. ಚಪ್ಪಲಿ ಮೆಟ್ಟಿಕೊಂಡಳು.

"ಜ್ವರ ಬಿಡೋ ತನಕ ಬರಲ್ಲ ಸಾರ್. ಮಲಗಿ ತೋರ್ಸೋಕೆ ನೀವಿದ್ದೀರಲ್ಲ, ನಿಮಗೆ ಅಭ್ಯಾಸ ಇದೆ."

ರಜ ಕೇಳಿದ್ದಲ್ಲ, ಹೇಳಿದ್ದು. ಅವಳಿಗೇ ಹೊಸದಾಗಿತ್ತು.

ಮೂರನೆಯ ದಿನ ಅವಳು ಮಲಗಿದ್ದಾಗ ಯಜಮಾನನ ಫೋನ್ ಬಂತು. "ಅಕ್ಕಾ, ಆ ಗಿರಾಕಿ ಬಂದು ಕೂತಿದಾರೆ. ಹಾಸಿಗೇಲಿ ನಿದ್ದೆನೇ ಬರ್ತಿಲ್ವಂತೆ. ಆವತ್ತು ನಿಮಗೆ ಹೇಗೆ ಬಂತು ಅಂತ ಕೇಳ್ತಿದಾರೆ."

"ಅವರನ್ನ ನನ್ನ ಜಾಗದಲ್ಲಿ ಒಂದು ವಾರ ನಿಲ್ಲಿಸಿ ಸಾರ್," ಎಂದು ಅವಳು ಫೋನ್ ಇಟ್ಟು ಮಗ್ಗುಲಾದಳು.