ಬೆಳಂಬಾರದ ಕಿವಿ

ನನ್ನ ಭಾವನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಉಂಗುರ ತೊಟ್ಟು ತೆಗೆದಂಥ ಒಂದು ಗೆರೆ ಇತ್ತು. ಹರಿದ ಬಲೆಯನ್ನು ಬಿಗಿಯಾಗಿ ಎಳೆದು ಹಿಡಿಯಲು ಅದರ ಅಂಚನ್ನು ಆ ಬೆರಳಿಗೇ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಕೂತಿದ್ದ. ನೈಲಾನ್ ದಾರ ಕೊರೆದು ಕೊರೆದು ಚರ್ಮ ಅಲ್ಲಿ ಒಳಗೆ ಇಳಿದಿತ್ತು. ಕಿವಿಯಲ್ಲಿನ ಹಾಡು ಚೆನ್ನಾಗಿದ್ದರೆ ಬೆರಳು ಅಲ್ಲಾಡುತ್ತಿತ್ತು, ಬೆರಳಿನ ಜೊತೆ ಬಲೆಯೂ. ಬೆಳಂಬಾರದ ಕಡಲ ದಂಡೆಯ ಚಪ್ಪರದಡಿ ಆ ಬಲೆ ಕುಣಿಯುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸು ಅರೆದಂತಾಗುತ್ತಿತ್ತು.

ಹೌದು, ಹೊಟ್ಟೆಕಿಚ್ಚು. ಸತ್ತವರ ಬಗ್ಗೆ ಬರೆಯುವಾಗ ಇಂಥದ್ದನ್ನೆಲ್ಲ ಮುಚ್ಚಿಡಬೇಕಂತೆ. ಮುಚ್ಚಿಟ್ಟರೆ ಭಾವನ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಎದುರಿಗೆ ‘ನೀವು’ ಎನ್ನುತ್ತಿದ್ದೆ, ಒಳಗೊಳಗೆ ‘ಅವನು’. ಇಲ್ಲೂ ಹಾಗೇ ಬರೆಯುತ್ತೇನೆ.

ಅವನು ಬರುವ ಮೊದಲು ಅಕ್ಕ ನನ್ನ ಪಾಲಿನವಳು. ಚಿತ್ತಾಕುಲದ ನಮ್ಮ ಮನೆಯ ಮೆಟ್ಟಿಲ ಮೇಲೆ ಪ್ರತಿ ಶುಕ್ರವಾರ, ಹೊಸ ಹಾಡುಗಳು ಬಿಡುಗಡೆಯಾಗುವ ದಿನ, ಇಬ್ಬರೂ ಒಂದೇ ಇಯರ್‌ಫೋನ್ ಹಂಚಿಕೊಂಡು ಕೂರುತ್ತಿದ್ದೆವು. ಎಡಗಿವಿಯದ್ದು ನನಗೆ, ಬಲಗಿವಿಯದ್ದು ಅವಳಿಗೆ. ರಾಕ್, ಮೆಟಲ್, ಪಾಪ್ ಎಂಬ ಭೇದವಿರಲಿಲ್ಲ. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ. “ಮಾತು ತಿಳೀದಿದ್ರೆ ಎಂತಾ, ಸಿಟ್ಟು ತಿಳೀತದಲ,” ಎನ್ನುತ್ತಿದ್ದಳು ಅಕ್ಕ. ಹಾಡು ಮುಗಿದ ಮೇಲೆ ನಾನು ಅಭಿಪ್ರಾಯ ಹೇಳಬೇಕು, ಅವಳು ಒಮ್ಮೆ ತಲೆದೂಗಬೇಕು. ಆ ತಲೆದೂಗು ಸಿಕ್ಕರೆ ನನಗೆ ಇಡೀ ವಾರ ಹಬ್ಬ.

ಮುಂದೆ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಹೊಸ ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಪುಟವೊಂದನ್ನು ಫೋನಿನಲ್ಲಿ ಶುರುಮಾಡಿದೆ. ಓದುವವರೂ ಹುಟ್ಟಿಕೊಂಡರು, ‘ಸರ್’ ಎಂದು ಕರೆಯುವವರೂ. ಅಷ್ಟರಲ್ಲಿ ಅಕ್ಕನ ಮದುವೆಯಾಯಿತು. ಬಲೆ ರಿಪೇರಿ ಮಾಡುವವನಿಗೆ ಮೆಟಲ್ ಏನು ಗೊತ್ತು ಎಂದು ನಾನು ನಿಶ್ಚಿಂತೆಯಿಂದಿದ್ದೆ. ನನ್ನ ಕರ್ಮ! ದಿನವಿಡೀ ಒಬ್ಬನೇ ಕೂರುವ ಗಂಡನಿಗೆ ಬೇಜಾರು ಬಾರದಿರಲಿ ಎಂದು ಅಕ್ಕನೇ ಅವನ ಕಿವಿಗೆ ಹಾಡು ಹಾಕಿಕೊಟ್ಟಳು.

ಮರಳು ಹೋಗುತ್ತದೆಂದು ಅವನು ಫೋನನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಪಕ್ಕಕ್ಕೆ ಸರಿಸುತ್ತಿದ್ದ. ಒಂದು ಕೈಯಲ್ಲಿ ಬಲೆ ಹೆಣೆಯುವ ಸೂಜಿ, ಇನ್ನೊಂದರ ಬೆರಳುಗಳೆಲ್ಲ ದಾರದೊಳಗೆ, ಕಾಲೂ ಬಲೆಯಲ್ಲಿ. ಹಾಡು ಹಿಡಿಸದಿದ್ದರೂ ಮುಂದೆ ಹಾರಿಸಲು ಕೈ ಖಾಲಿ ಇರುತ್ತಿರಲಿಲ್ಲ. ಹಾಗಾಗಿ ಒಂದನೇ ಹಾಡಿನಿಂದ ಕೊನೆಯದರವರೆಗೆ ಪೂರ್ತಿ ಕೇಳುತ್ತಿದ್ದ. ಮುಗಿದರೆ ಮತ್ತೆ ಮೊದಲಿನಿಂದ. ನಾನಾದರೋ ಕಚೇರಿಯ ಬಸ್ಸಿನಲ್ಲಿ ಮೂರು ಹಾಡು ಕೇಳಿ, ಉಳಿದವನ್ನು ಅರ್ಧರ್ಧ ನಿಮಿಷ ಮೂಸಿ ನೋಡಿ ಬರೆಯುವವನು.

ಶುಕ್ರವಾರ ಅಕ್ಕನಿಗೆ ಹಾಡು ಕಳಿಸಿದರೆ ಉತ್ತರ ಬರತೊಡಗಿತು: “ಅವ್ರು ಕೇಳ್ತಾ ಇದ್ರು. ಮುಗೀಲಿ, ಹೇಳ್ತೆ.” ಅವ್ರು! ನನ್ನ ಅಭಿಪ್ರಾಯ ಕೇಳುವವರೇ ಇಲ್ಲ.

ಅವನು ಹೇಳುತ್ತಿದ್ದುದೋ ಒಂದೊಂದೇ ಮಾತು. ಜಗತ್ತೆಲ್ಲ ಕುಣಿದಾಡುತ್ತಿದ್ದ ಒಬ್ಬ ಪಾಪ್ ಗಾಯಕಿಯ ಆಲ್ಬಮ್ ಕೇಳಿ, “ಈ ಹುಡುಗಿ ಉಸ್ರೇ ತಕ್ಕಂಬುದಿಲ್ಲಲ ತಮಾ, ಪಾಪ, ಯಾರೋ ಕತ್ತರಿಸಿ ತೆಗ್ದಿದ್ರು,” ಎಂದ. ಹೋಗಿ ಕೇಳಿದೆ. ಹನ್ನೆರಡು ಹಾಡಿನಲ್ಲಿ ಒಂದು ಕಡೆಯೂ ಉಸಿರಿಲ್ಲ. ನಾನು ಅದೇ ಆಲ್ಬಮ್‌ಗೆ ‘ಜೀವಂತ ದನಿ’ ಎಂದು ಬರೆದಾಗಿತ್ತು.

ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಆ ವಾರ ಒಂದು ಮೆಟಲ್ ಆಲ್ಬಮ್ಮನ್ನು ‘ಒಂಬತ್ತು ಹಾಡಿಗೆ ಒಂಬತ್ತೂ ಬೆಂಕಿ’ ಎಂದು ಹೊಗಳಿದ್ದೆ. ಭಾವ ಬಂಗಡೆಯ ಮುಳ್ಳು ಬಿಡಿಸುತ್ತಾ ಕೇಳಿದ, “ತಮಾ, ಏಳನೇ ಹಾಡ್ನಾಗೆ ಡ್ರಮ್ಮು ಗಿಟಾರು ಎಲ್ಲಾ ಒಮ್ಮೆಲೇ ನಿಂತು ಹೋಗ್ತದಲ, ಅದು ನಿಂಗೆ ಹೆಂಗನಿಸ್ತು?”

“ಅದೇ ಅಲ್ವಾ ಭಾವಾ ಆಲ್ಬಮ್‌ನ ಜೀವ! ಏಳನೇ ಹಾಡು ಕೇಳಿ ನಾನು ಮೂಕನಾದೆ,” ಎಂದೆ.

ಅಕ್ಕ ಸಾರಿನ ಸೌಟು ಹಿಡಿದು ಹಾಗೇ ನಿಂತಳು. “ಏಳನೇದ್ರಾಗೆ ಎಲ್ಲೂ ನಿಲ್ಲೂದಿಲ್ಲ. ನಿಲ್ಲೂದು ಎಂಟನೇದ್ರಾಗೆ. ಅವ್ರು ಲೆಕ್ಕ ತಪ್ಪಿದ್ರು. ನೀ ಕೇಳ್ಲೇ ಇಲ್ಲ.”

ಭಾವನೇ ಗಡಬಡಿಸಿ, “ನಾ ತಪ್ಪು ಹೇಳ್ದೆ ಮಾರಾಯ್ತಿ, ಪಾಪ, ಅಂವ ನನ್ನ ಮರ್ಯಾದಿಗೆ ಹೂಂ ಅಂದ. ಇನ್ನೊಂದು ಮೀನು ಹಾಕು ಅವಂಗೆ,” ಎಂದ. ನನ್ನ ಸುಳ್ಳನ್ನು ತನ್ನ ತಪ್ಪಿನಡಿ ಮುಚ್ಚಿಬಿಟ್ಟ. ಕಿವಿಯಲ್ಲಿ ಗೆದ್ದದ್ದು ಸಾಲದೆ ಒಳ್ಳೆಯತನದಲ್ಲೂ ಗೆಲ್ಲಬೇಕೇ ಈ ಮನುಷ್ಯ? ಆ ಮೀನು ನನಗೆ ರುಚಿಸಲಿಲ್ಲ.

ಮುಂದೆ ನಾನು ಮಾಡಿದ್ದು ಶುದ್ಧ ಕಳ್ಳತನ. ಮೊದಲಿನಿಂದ ಕೊನೆಯವರೆಗೆ ಅಬ್ಬರಿಸುವ ಇನ್ನೊಂದು ಮೆಟಲ್ ಆಲ್ಬಮ್ ಕೇಳಿ ಭಾವ, “ಕಣ್ಣೇ ಇಲ್ದ ಬಲೆ ಇದು. ನೀರೂ ಹೊರಗೆ ಹೋಗೂದಿಲ್ಲ, ಮೀನೂ ಒಳಗೆ ಬರೂದಿಲ್ಲ,” ಎಂದಿದ್ದ. ಮರುದಿನವೇ ಅದನ್ನು ನನ್ನ ಪುಟಕ್ಕೆ ಹಾಕಿದೆ, ನನ್ನದೇ ಮಾತಿನಂತೆ. ಅಷ್ಟು ಮೆಚ್ಚುಗೆ ನನಗೆ ಹಿಂದೆಂದೂ ಬಂದಿರಲಿಲ್ಲ. ಊರು ಕೇರಿ ಅರಿಯದವರೆಲ್ಲ ಹಂಚಿಕೊಂಡರು. ಅಕ್ಕನಿಗೆ ಗುರುತು ಸಿಕ್ಕೀತೆಂಬ ಭಯವಿತ್ತು. ಭಾವ ಫೋನ್ ಮಾಡಿದ. “ತಮಾ, ಎಷ್ಟು ಚಂದ ಬರ್ದೆ! ಬಲೆ ಕೆಲಸ ನಿಂಗೆ ಹೆಂಗೆ ಗೊತ್ತಾತಾ?”

ಅದು ತನ್ನದೇ ಮಾತೆಂದು ಅವನಿಗೆ ನಿಜಕ್ಕೂ ಮರೆತಿತ್ತೋ, ಮತ್ತೊಮ್ಮೆ ನನ್ನ ಮಾನ ಉಳಿಸಿದನೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಕಳೆದ ಮಳೆಗಾಲ, ದೋಣಿಗಳೆಲ್ಲ ದಡಕ್ಕೆ ಬಂದು ಬಲೆ ಕೆಲಸ ರಾಶಿ ಬಿದ್ದಿದ್ದಾಗ, ಅವನಿಗೆ ಎದೆನೋವು ಬಂತು. ಕಾರವಾರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಎರಡನೆಯ ದಿನ ಹೋದಾಗ, “ಈ ಶುಕ್ರವಾರ ಎಂತ ಬಂತಾ?” ಎಂದು ಕೇಳಿದ. ಅವನು ಬಹಳ ದಿನದಿಂದ ಕಾಯುತ್ತಿದ್ದ ಹಳೆಯ ರಾಕ್ ತಂಡದ ಹೊಸ ಆಲ್ಬಮ್ ಬಂದಿತ್ತು. ನಾನು ಎಂದಿನಂತೆ ಮೂರು ಹಾಡಿನ ಬಲದ ಮೇಲೆ ಬಾಯಿ ತೆರೆದೆ. ಅವನು ಸೂಜಿ ಚುಚ್ಚಿದ ಕೈ ಎತ್ತಿ ತಡೆದ. “ಹೇಳ್ಬೇಡ, ಹೇಳ್ಬೇಡ. ನಾ ಮನೆಗೆ ಹೋಗಿ ಕೇಳ್ತೆ.”

ಮನೆಗೆ ಹೋಗಲಿಲ್ಲ.

ಎಲ್ಲ ಕಾರ್ಯ ಮುಗಿದು ತಿಂಗಳಾದ ಮೇಲೆ ಬೆಳಂಬಾರಕ್ಕೆ ಹೋದೆ. ಅಕ್ಕ ಟಿಫಿನ್ ಡಬ್ಬಿ ತಂದು ನನ್ನ ಕೈಗಿಟ್ಟಳು, ಒಳಗೆ ಅವನ ಫೋನು. “ಅವ್ರು ಕೇಳದೇ ಹೋದದ್ದು ಇದ್ರಾಗೆ ಅದೆ. ನಂಗೆ ಆಗೂದಿಲ್ಲ. ನೀ ಕೇಳಾ.”

ಚಪ್ಪರದಡಿ ಅವನ ಅರ್ಧ ಹೆಣೆದ ಬಲೆ ಹಾಗೇ ಇತ್ತು. ಯಾಕೋ ಅದರ ಅಂಚನ್ನು ನನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ, ಎರಡೂ ಕೈಯ ಬೆರಳುಗಳನ್ನು ಬಲೆಯ ಕಣ್ಣುಗಳೊಳಗೆ ತೂರಿಸಿದೆ. ನಾಲ್ಕನೆಯ ಹಾಡಿಗೆ ಬೇಜಾರು ಬಂತು. ಕೈ ಫೋನಿನ ಕಡೆ ಹೊರಟಿತು, ದಾರ ಬಿಡಲಿಲ್ಲ. ಕೇಳಿದೆ. ಹನ್ನೊಂದನ್ನೂ ಕೇಳಿದೆ. ಕೊನೆಯದರಲ್ಲಿ ಆ ಮುದುಕ ಗಾಯಕನ ದನಿ ಎತ್ತರಕ್ಕೆ ಹೋಗಿ ಒಡೆಯಿತು. ಕಾಲ ಬೆರಳು ಅಲ್ಲಾಡಿದ್ದು ನನಗೆ ತಿಳಿದದ್ದು ಬಲೆ ಅಲ್ಲಾಡಿದ ಮೇಲೆ.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ನನಗೆ ಹೇಗನಿಸಿತು ಎಂದು ಕೇಳುತ್ತಾಳೆ ಎಂದುಕೊಂಡೆ. “ಅವ್ರಿದ್ರೆ ಎಂತ ಹೇಳ್ತಿದ್ರಾ?” ಎಂದು ಕೇಳಿದಳು.

ಸತ್ತ ಮೇಲೂ ಅವನೇ! ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಹೇಳಿದೆ: “ಕೊನೆಯ ಹಾಡಲ್ಲಿ ದನಿ ಹರಿದಿದೆ, ಹರಿದದ್ದನ್ನು ಆ ಮುದುಕ ಹಾಗೇ ಬಿಟ್ಟಿದ್ದಾನೆ. ಎಲ್ಲಿ ರಿಪೇರಿ ಮಾಡಬಾರದು ಅಂತ ಅವನಿಗೆ ಗೊತ್ತು. ಹೀಗೆ ಹೇಳ್ತಿದ್ರು ಭಾವ.”

ಅಕ್ಕ ಸಮುದ್ರದ ಕಡೆ ನೋಡಿದಳು. ಆಮೇಲೆ ತಲೆದೂಗಿದಳು, ಚಿತ್ತಾಕುಲದ ಮೆಟ್ಟಿಲ ಮೇಲೆ ತೂಗುತ್ತಿದ್ದಳಲ್ಲ, ಹಾಗೇ. “ಹೌದು. ಹಿಂಗೇ ಹೇಳ್ತಿದ್ರು.”

ನನ್ನ ಜೀವಮಾನದಲ್ಲಿ ಸ್ವಂತ ಕಿವಿಯಿಂದ ಕೇಳಿ ಆಡಿದ ಒಂದೇ ಒಂದು ಮಾತು ಅದು. ಅದು ನನ್ನದೆಂದು ಅವಳಿಗೆ ಇನ್ನೂ ಹೇಳಿಲ್ಲ.