ಮಾರ್ತಮ್ಮನ ಗಂಟೆ ಅಜ್ಜಂಪುರದಲ್ಲಿ

ಮೈಸೂರಿನಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಜೊತೆ ಇದ್ದದ್ದು ಮೂರು ಸೀರೆ, ನನ್ನದೇ ಪುಸ್ತಕದ ಒಂದು ಕಟ್ಟು ಮತ್ತು ಒಂದು ಕಥೆ. ಸೀರೆಗಳು ಹೊಸವು, ಪುಸ್ತಕ ಐದನೇ ಮುದ್ರಣದ್ದು. ಕಥೆ ಮಾತ್ರ ಇಪ್ಪತ್ತೆರಡು ವರ್ಷ ಹಳೆಯದು. ಕಡೂರು, ತರೀಕೆರೆ, ಅಜ್ಜಂಪುರ, ಹೀಗೆ ಮೂರು ದಿನ, ಮೂರು ಊರು, ಮೂರು ಸ್ತ್ರೀಯರ ಕೂಟ. ಟಿಕೆಟ್ಟಿಗೆ ನೂರು ರೂಪಾಯಿ ಕೂಡ ಆಗಲಿಲ್ಲ, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ಕ್ರೈಸ್ತ ಹೆಂಗಸರನ್ನು ನಗಿಸಿ ನಗಿಸಿ ದೇವರ ಮಾತು ಹೇಳುವುದು ನನ್ನ ಕೆಲಸ. ಪಾದ್ರಿ ಅಯ್ಯನವರ ಪ್ರಸಂಗಕ್ಕೆ ಆಕಳಿಸುವವರು ನನ್ನ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಮೊದಲು ಚರ್ಚಿನ ಸಭೆಯ ಮಾಸಪತ್ರಿಕೆಗೆ ಹರಟೆ ಬರೆಯುತ್ತಿದ್ದೆ. ಆಮೇಲೆ ಪುಸ್ತಕ, ಪುಸ್ತಕದಿಂದ ವೇದಿಕೆ. ಎಲ್ಲಕ್ಕೂ ಬೇರು ಆ ಒಂದೇ ಕಥೆ, ಮಾರ್ತಮ್ಮನ ಗಂಟೆಯ ಕಥೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನನ್ನ ಮಗಳು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಜನ ಕೇಳುವುದು ಅದನ್ನೇ.

ಅರಸೀಕೆರೆಯಲ್ಲಿ ರೈಲು ಬಹಳ ಹೊತ್ತು ನಿಂತಿತು. ನಾನು ಹುಟ್ಟಿದ ಊರಿಗೆ ಅಲ್ಲಿಂದ ಬಸ್ಸು. ಕಥೆ ನಡೆದದ್ದೂ ಆ ಊರಿನ ಚರ್ಚಿನಲ್ಲೇ. ವಡೆ ಮಾರುವವನು ಬಂದ, ಕೊಂಡೆ. ಊರಿನ ದಿಕ್ಕಿಗೆ ನೋಡಲಿಲ್ಲ.

ಕಡೂರು ಸ್ಟೇಷನ್ನಿನಲ್ಲಿ ಪ್ರೇಮಾ ಕಾಯುತ್ತಿದ್ದರು. ಆ ಕಡೆಯ ಸ್ತ್ರೀಯರ ಕೂಟಗಳಿಗೆಲ್ಲ ಕಾರ್ಯದರ್ಶಿ, ನಿವೃತ್ತ ಶಾಲಾ ಟೀಚರು. ಮೂರೂ ದಿನ ನನ್ನ ಜೊತೆ ಅವರೇ. "ಅಕ್ಕಾ, ಊಟ ಕಮ್ಮಿ ಆದ್ರೂ ಆಗ್ಲಿ, ಗಂಟೆ ಕಥೆ ಕಮ್ಮಿ ಆಗ್ಬಾರ್ದು ಕಣ್ರೀ" ಎಂದು ಆಟೋದಲ್ಲೇ ತಾಕೀತು ಮಾಡಿದರು. ಮಾರ್ಚ್ ತಿಂಗಳ ಬಿಸಿಲು ಹನ್ನೊಂದಕ್ಕೇ ನೆತ್ತಿ ಸುಡುತ್ತಿತ್ತು. ಚರ್ಚಿನ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ನೂರು ಹೆಂಗಸರಾದರೂ ಇದ್ದರು.

ಕಥೆ ಹೇಳಿದೆ. ನಮ್ಮೂರಿನ ಚರ್ಚಿನಲ್ಲಿ ಗಂಟೆಗೆ ಎರಡೇ ಮಾತು. ಭಾನುವಾರವಾದರೆ ಬಿಡುವಿಲ್ಲದೆ ಢಣಢಣ. ಸಾವಾದರೆ ಒಂದು ಏಟು, ನಿಲ್ಲಿಸಿ ಇನ್ನೊಂದು ಏಟು. ಒಂದು ಗುರುವಾರ ಮಧ್ಯಾಹ್ನ ಸ್ತ್ರೀಯರ ಕೂಟ ಮುಗಿದ ಮೇಲೆ ಮಾರ್ತಮ್ಮ ಅನ್ನುವ ಮಹಾ ಭಕ್ತೆ ಹಿಂದಿನ ಬೆಂಚಿನ ಹತ್ತಿರ ಮೊಣಕಾಲೂರಿ ಪ್ರಾರ್ಥನೆಗೆ ಕೂತಳು. ಕೂತವಳಿಗೆ ಗಡದ್ದು ನಿದ್ದೆ. ಚರ್ಚಿನ ಆಳು ನೋಡದೆ ಬೀಗ ಹಾಕಿಕೊಂಡು ಹೋದ. ಸಂಜೆ ಎಚ್ಚರವಾಗಿ, ಹೊರಗೆ ಹೋಗಲು ದಾರಿ ಕಾಣದೆ ಗಂಟೆಯ ಹಗ್ಗ ಹಿಡಿದು ಎಳೆದಳು. ಒಂದು ಏಟು. ನಿಲ್ಲಿಸಿ ಇನ್ನೊಂದು. ಅಯ್ಯೋ, ಯಾರೋ ಹೋದರು! ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಮುದಿ ಮೇಷ್ಟರ ಮನೆಯವರು ಗೋಳೋ ಅಂತ ಶುರುವಿಟ್ಟರು. ಮೇಷ್ಟರು ತಾವೇ ಎದ್ದು ಕೂತು, "ಯಾರೇ ಹೋಗಿದ್ದು?" ಅಂತ ಕೇಳಿದರು. ಹೆಣದ ಪೆಟ್ಟಿಗೆ ಮಾಡುವ ಆಚಾರಿ ಅಳತೆ ಟೇಪು ಹಿಡಿದು ಓಡಿಬಂದ. ಬಾಗಿಲು ತೆಗೆದರೆ ಹಗ್ಗ ಹಿಡಿದು ನಿಂತಿದ್ದಾಳೆ ಮಾರ್ತಮ್ಮ!

"ಆದ್ದರಿಂದ ಸಹೋದರಿಯರೇ, ಪ್ರಾರ್ಥನೆಯಲ್ಲಿ ನಿದ್ದೆ ಮಾಡಬೇಡಿ. ಮಾಡಿದರೆ ನಿಮ್ಮ ಸಾವಿನ ಗಂಟೆ ನೀವೇ ಬಾರಿಸಬೇಕಾಗುತ್ತದೆ!" ಅಂದೆ. ಅಂಗಳ ಬಿದ್ದು ಬಿದ್ದು ನಕ್ಕಿತು. ನಗು ತಗ್ಗುವಾಗ ಎಂದಿನಂತೆ ಕೊನೆಯ ತುಣುಕು ಸೇರಿಸಿದೆ. "ಈಗ ಮಾರ್ತಮ್ಮ ಕರ್ತನಲ್ಲಿ ನಿದ್ರಿಸುತ್ತಿದ್ದಾಳೆ. ಅಲ್ಲಿ ಯಾರೂ ಬೀಗ ಹಾಕುವುದಿಲ್ಲ." ಇದಕ್ಕೆ ನಗುವಿನ ಜೊತೆ ಸ್ವಲ್ಪ ಕಣ್ಣೀರೂ ಬರುತ್ತದೆ. ಕಣ್ಣೀರು ಬಂದರೆ ಪುಸ್ತಕ ಖರ್ಚಾಗುತ್ತದೆ, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ.

ಭಾಷಣದ ಮೇಲೆ ಸಾಕ್ಷಿಯ ಸಮಯ. ನಮ್ಮ ಕೂಟಗಳಲ್ಲಿ ಇದು ಬಿಡದ ಪದ್ಧತಿ. ಯಾರು ಬೇಕಾದರೂ ಎದ್ದು ದೇವರು ತನಗೆ ಮಾಡಿದ್ದನ್ನು ಹೇಳಬಹುದು. ಎದ್ದವರನ್ನು ಕೂರಿಸುವ ಹಕ್ಕು ಅಯ್ಯನವರಿಗೂ ಇಲ್ಲ. ಕಡೂರಿನಲ್ಲಿ ಒಬ್ಬಾಕೆ ಮೊಣಕಾಲು ನೋವು ವಾಸಿಯಾದದ್ದಕ್ಕೆ ಸ್ತೋತ್ರ ಹೇಳಿದಳು, ಇನ್ನೊಬ್ಬಾಕೆ ತಪ್ಪಿಸಿಕೊಂಡಿದ್ದ ಎಮ್ಮೆ ಸಿಕ್ಕಿದ್ದಕ್ಕೆ.

ಸಂಜೆ ಪ್ರೇಮಾ ಮನೆಯಲ್ಲಿ ಕಾಫಿ ಕುಡಿಯುವಾಗ ಅವರು ಇನ್ನೂ ನಗುತ್ತಲೇ ಇದ್ದರು. "ಅಜ್ಜಂಪುರದಲ್ಲೂ ಗಂಟೆ ಹೊಡೆಯೋದು ಹೆಂಗಸೇ ಅಕ್ಕಾ. ಬೀಗ, ಕಸ, ಗಂಟೆ, ಎಲ್ಲಾ ಅವಳ್ದೇ. ನಿಮ್ಮೂರ್ ಕಡೆಯೋಳೇ ಅಂತೆ, ಸುಗುಣ ಅಂತ. ನೀವು ಬತ್ತೀರ ಅಂದ್ರೆ, ಬರ್ಲಿ ಅಂದ್ಲು."

ಕಾಫಿ ಲೋಟವನ್ನು ಕೆಳಗಿಟ್ಟೆ. ನನ್ನ ಮಾರ್ತಮ್ಮನ ನಿಜವಾದ ಹೆಸರು ಸುಗುಣ. ಹೆಸರು ಬದಲಾಯಿಸಿದ್ದೇನಲ್ಲ ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಊರು ಬಿಟ್ಟು ಎಲ್ಲೋ ಹೋದಳು ಎಂದು ಕೇಳಿದ್ದೆ, ಅಷ್ಟೇ. ಸತ್ತಳೆಂದು ನನಗೆ ಯಾರೂ ಹೇಳಿರಲಿಲ್ಲ. ಕಥೆಗೆ ಒಂದು ಕೊನೆ ಬೇಕಿತ್ತು, ಸಾಯಿಸಿದೆ.

ನಾನು ಯಾವ ಊರಿನಲ್ಲೂ ಹೇಳದ ಒಂದು ತುಣುಕು ಆ ಕಥೆಗೆ ಮೊದಲೇ ಇದೆ. ಆ ಗುರುವಾರ ಕೂಟ ಮುಗಿದಾಗ ಸುಗುಣ ನನ್ನ ಹತ್ತಿರ ಬಂದು, "ಅಕ್ಕಾ, ಇವತ್ತೊಂದಿನ ನಿಮ್ಮನೇಲಿ ಇರ್ಲಾ?" ಎಂದು ಕೇಳಿದ್ದಳು. ಅವಳ ಗಂಡ ಎಂಥವನೆಂದು ಊರಿಗೇ ಗೊತ್ತಿತ್ತು. ನನಗೆ ಅವತ್ತು ಪತ್ರಿಕೆಗೆ ಲೇಖನ ಮುಗಿಸಿ ಕಳಿಸುವುದಿತ್ತು. "ಪ್ರಾರ್ಥನೆ ಮಾಡ್ಕೊಂಡು ಮನೆಗೆ ಹೋಗು ಸುಗುಣಾ, ಎಲ್ಲಾ ಸರಿಹೋಗುತ್ತೆ" ಅಂದಿದ್ದೆ. ಅವಳು ಮೊಣಕಾಲೂರಿದ್ದು ಆಮೇಲೆ.

ಮರುದಿನ ತರೀಕೆರೆಗೆ ಬೀರೂರಿನ ಮೇಲೆ ಹೋಗುವ ಬಸ್ಸು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿ, ನನ್ನ ಮುಖ ನೋಡಿ, "ನೀವೇನಾ ಇದು? ಇದ್ರಲ್ಲಿ ನಗ್ತಿದೀರಲ್ಲಾ!" ಅಂದ. ಬೇರೆ ದಿನವಾಗಿದ್ದರೆ ಅವನಿಗೊಂದು ಉತ್ತರ ಇತ್ತು.

ತರೀಕೆರೆಯ ಕೂಟದಲ್ಲಿ ನಾನು ಗಂಟೆಯ ಕಥೆ ಬಿಟ್ಟೆ. ಅತ್ತೆ ಸೊಸೆ, ಕುಕ್ಕರಿನ ಸೀಟಿ, ಗಂಡನ ಗೊರಕೆ, ಇದ್ದಬದ್ದದ್ದನ್ನೆಲ್ಲ ಸುರಿದೆ. ಹೆಂಗಸರು ಮರ್ಯಾದೆಗೆ ನಕ್ಕರು, ಮುಂದಿನ ಸಾಲಿನಲ್ಲೇ ಇಬ್ಬರು ತೂಕಡಿಸಿದರು. ಪುಸ್ತಕದ ಮೇಜಿನ ಹತ್ತಿರ ಬಂದವರು ತಿರುವಿ ನೋಡಿ ಅಲ್ಲೇ ಇಟ್ಟರು. ಊಟ ಮಾತ್ರ ಚೆನ್ನಾಗಿತ್ತು, ಹೀರೇಕಾಯಿ ಬಜ್ಜಿಯ ಜೊತೆ ಬಿಸಿ ಅನ್ನ, ಸಾರು. "ಯಾಕಕ್ಕಾ ಗಂಟೆ ಕಥೆ ಬಿಟ್ಬಿಟ್ರಿ? ಅಡಿಗೆಗೆ ಉಪ್ಪೇ ಹಾಕ್ದಂಗಾಯ್ತಲ್ಲ" ಎಂದರು ಪ್ರೇಮಾ. ಗಂಟಲು ಸರಿಯಿಲ್ಲ ಅಂದೆ. ಆ ಕಥೆ ತೆಗೆದರೆ ನನ್ನಲ್ಲಿ ಏನೂ ಉಳಿಯುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ತರೀಕೆರೆಯಲ್ಲಿ, ಬಜ್ಜಿ ತಿನ್ನುತ್ತಾ. ನಾಳೆ ಸುಗುಣನ ಮುಂದೆ ಅದನ್ನು ಹೇಳುವುದೋ ಬಿಡುವುದೋ? ಹೇಳುವುದಿಲ್ಲ ಎಂದು ದೇವರ ಮುಂದೆ ಆಣೆ ಇಟ್ಟು ಮಲಗಿದೆ.

ಮೂರನೇ ದಿನ ಬೆಳಿಗ್ಗೆ ಅಜ್ಜಂಪುರದ ಬಸ್ಸು. ಒಂದು ಗಂಟೆಯ ದಾರಿ. ಗುಡ್ಡಗಳು ಹಿಂದೆ ಉಳಿದು ಬಯಲು ಬಂತು. ಕಪ್ಪು ನೆಲ, ರಸ್ತೆಯ ಪಕ್ಕ ಈರುಳ್ಳಿ ಚೀಲಗಳು. ಚರ್ಚು ಚಿಕ್ಕದು, ಶೀಟಿನ ಮಾಡು, ಮುಂದೆ ಒಂದು ಬೇವಿನ ಮರ. ಗೇಟಿನಲ್ಲಿ ಸುಗುಣ ನಿಂತಿದ್ದಳು. ತಲೆ ನರೆತಿತ್ತು, ಮೈ ಇಳಿದಿತ್ತು, ಕಣ್ಣು ಅವೇ.

"ಚೆನ್ನಾಗಿದೀರಾ ಅಕ್ಕಾ?" ಎಂದಳು.

"ನಾನು ಚೆನ್ನಾಗಿದೀನಿ. ನೀನು ಹೇಗಿದೀಯೇ?"

"ನೋಡಿ, ಬದುಕಿದೀನಿ" ಎಂದಳು. ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳಂತೆ, ಉಳಿದ ಹೊತ್ತು ಚರ್ಚಿನ ಕೆಲಸ. "ನಿಮ್ಮ ಮಾತು ಫೋನಲ್ಲಿ ಬತ್ತಿರುತ್ತೆ. ಎಲ್ಲಾ ಕೇಳಿದೀನಿ."

ಎಲ್ಲಾ ಅಂದರೆ ಎಲ್ಲಾ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗು ಸರಿಮಾಡಿಕೊಂಡು ನೀರು ತರಲು ಒಳಗೆ ಹೋದಳು.

ಕೂಟದಲ್ಲಿ ಮೂವತ್ತು ನಲವತ್ತು ಜನ. ಸುಗುಣ ಹಿಂದೆ, ಗಂಟೆಯ ಹಗ್ಗದ ಹತ್ತಿರ ನೆಲದ ಮೇಲೆ ಕೂತಿದ್ದಳು. ನಾನು ಶುರು ಮಾಡಿದೆ, ಗೊರಕೆ, ಕುಕ್ಕರು. ಯಾರೂ ನಗಲಿಲ್ಲ. ಹತ್ತು ನಿಮಿಷ ಕಳೆಯಿತು. ಮುದುಕಿಯೊಬ್ಬಳು ಪಕ್ಕದವಳಿಗೆ, "ಇವ್ಳೇನಾ ಅಷ್ಟು ನಗಿಸೋಳು?" ಅಂದದ್ದು ನನ್ನ ಕಿವಿಗೇ ಬಿತ್ತು. ಪ್ರೇಮಾ ಬಗ್ಗಿ ಮೈಕಿಗೆ, "ಅಕ್ಕಾ, ಗಂಟೆ ಕಥೆ!" ಅಂದರು. ಚಪ್ಪಾಳೆ ಬಿತ್ತು.

ಹೇಳಿದೆ. ಆಣೆಯೂ ಇಲ್ಲ, ಏನೂ ಇಲ್ಲ. ಬಾಯಿಗೆ ಅಭ್ಯಾಸವಾದ ಕಥೆ, ತಾನಾಗಿಯೇ ಬಂತು. ಮೇಷ್ಟರು ಎದ್ದು ಕೂತರು, ಆಚಾರಿ ಟೇಪು ಹಿಡಿದು ಓಡಿದ, ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾಡಿದ ಒಂದೇ ಉಪಕಾರ ಅಂದರೆ ಕೊನೆಯಲ್ಲಿ ಅವಳನ್ನು ಸಾಯಿಸಲಿಲ್ಲ. ಹಿಂದಕ್ಕೆ ನೋಡುವ ಧೈರ್ಯವೂ ಇರಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದು ನಾನೇ ಎಷ್ಟು ವೇದಿಕೆಯಲ್ಲಿ ಹೇಳಿಲ್ಲ!

"ಸಾಕ್ಷಿ ಯಾರಾದ್ರೂ ಹೇಳೋರು?" ಎಂದು ಪ್ರೇಮಾ ಕೇಳಿದರು. ಸುಗುಣ ಎದ್ದಳು.

"ಕರ್ತನಿಗೆ ಸ್ತೋತ್ರ. ಅಕ್ಕೋರು ಹೇಳಿದ್ರಲ್ಲ ಮಾರ್ತಮ್ಮ, ಅದು ನಾನೇ. ನಂಗೆ ಅವತ್ತು ನಿದ್ದೆ ಬಂದಿರ್ಲಿಲ್ಲ. ಬೀಗ ಹಾಕ್ಲಿ ಅಂತ್ಲೇ ಬೆಂಚಿನ ಕೆಳಗೆ ಮಲ್ಕೊಂಡಿದ್ದೆ. ಬೀಗ ಹಾಕಿದ್ರೆ ಅವ್ನು ಒಳಗೆ ಬರಂಗಿಲ್ವಲ್ಲ."

ಯಾರೋ ನಗಲು ಶುರು ಮಾಡಿ ನಿಲ್ಲಿಸಿದರು.

"ಬೆಳಿಗ್ಗೆನೇ ನನ್ನ ಗಂಡ ಎಡಗೈ ತಿರುಚಿ ಮುರಿದಿದ್ದ. ರಾತ್ರಿಯೆಲ್ಲಾ ಅಲ್ಲೇ ಇರಣ ಅಂತಿದ್ದೆ, ಸಂಜೆ ಹೊತ್ಗೆ ಕೈ ಊದ್ಕೊಂಡು ತಡ್ಯಕ್ಕಾಗ್ಲಿಲ್ಲ. ಯಾರಾದ್ರೂ ಬರ್ಲಿ ಅಂತ ಹಗ್ಗ ಎಳ್ದೆ. ಒಂದೇ ಕೈಲಿ ಎಳ್ಯೋದು, ಬೇಗ ಬೇಗ ಬಾರ್ಸಕ್ಕಾಗ್ಲಿಲ್ಲ. ಒಂದೊಂದೇ ಏಟು ಬಿತ್ತು. ಜನ ಸಾವು ಅಂದ್ಕೊಂಡ್ರು. ಬಾಗ್ಲು ತೆಗ್ದೋರು ನಕ್ರು. ನಗ್ತಾ ನಗ್ತಾನೇ ನನ್ನ ಅವ್ನ ಮನೆಗೆ ಬಿಟ್ಟು ಬಂದ್ರು. ಆಮೇಲೊಂದಿನ ದೇವ್ರು ಕಾಲಿಗೆ ಶಕ್ತಿ ಕೊಟ್ಟ, ಹೊರಟು ಬಂದ್ಬಿಟ್ಟೆ. ಇಷ್ಟೇ ನನ್ನ ಸಾಕ್ಷಿ."

ಕೂತಳು. ಅವತ್ತು ಅವಳನ್ನು ಮನೆಗೆ ಬಿಟ್ಟು ಬಂದವರಲ್ಲಿ ಎಲ್ಲರಿಗಿಂತ ಮುಂದೆ ನಗುತ್ತಾ ನಡೆದವಳು ನಾನು. ಅವಳು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡದ್ದನ್ನು ನೋಡಿದ್ದೆ. ಏನಾಯಿತು ಎಂದು ಕೇಳಲಿಲ್ಲ. ಅವತ್ತೇ ಮನೆಗೆ ಬಂದು ಕಥೆ ಬರೆದೆ, ಬರೆಯುವಾಗ ಆ ಕೈಯನ್ನು ಬಿಟ್ಟೆ. ಬಿಡದಿದ್ದರೆ ಕಥೆ ನಗಿಸುತ್ತಿರಲಿಲ್ಲ. ಅವಳು ನನ್ನ ಮನೆಗೆ ಬರುತ್ತೇನೆಂದು ಕೇಳಿದ್ದನ್ನು ಮಾತ್ರ ಸಾಕ್ಷಿಯಲ್ಲಿ ಹೇಳಲಿಲ್ಲ. ಅದನ್ನು ಯಾಕೆ ಬಿಟ್ಟಳೋ ನನಗೆ ತಿಳಿಯಲಿಲ್ಲ.

ಪ್ರೇಮಾ ಒಂದು ಕೀರ್ತನೆ ಎತ್ತಿದರು, ಕೂಟ ಮುಗಿಯಿತು. ಊಟಕ್ಕೆ ರಾಗಿಮುದ್ದೆ, ಕಾಳಿನ ಸಾರು. ಯಾರೂ ನನ್ನ ಎದುರು ಕೂರಲಿಲ್ಲ. ಒಬ್ಬಾಕೆ ಮಾತ್ರ ಪುಸ್ತಕ ಕೊಂಡು ಸಹಿ ಹಾಕಿಸಿಕೊಂಡಳು. "ಚೆನ್ನಾಗಿತ್ತು ಮೇಡಂ. ಇನ್ಮೇಲೆ ಕೈ ಮುರಿದಿದ್ನೂ ಸೇರಿಸ್ಕೊಳ್ಳಿ, ಇನ್ನೂ ಮನಸ್ಸಿಗೆ ನಾಟುತ್ತೆ" ಅಂದಳು. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಯಾಕೆಂದರೆ ಅವಳು ಹೇಳುವ ಮೊದಲೇ ಅದು ನನಗೆ ಹೊಳೆದಿತ್ತು.

ಎಲ್ಲರೂ ಹೊರಟ ಮೇಲೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಸುಗುಣ ಬೀಗ ಹಿಡಿದು ಒಳಗೆ ಬಂದಳು. ನೇರವಾಗಿ ಬೀಗ ಹಾಕಿಬಿಡುವುದಿಲ್ಲ ಅವಳು. ಮೊದಲ ಬೆಂಚಿನಿಂದ ಶುರುಮಾಡಿ ಒಂದೊಂದರ ಕೆಳಗೂ ಬಗ್ಗಿ ನೋಡುತ್ತಾಳೆ. "ಯಾರಾದ್ರೂ ಇದೀರಾ?" ಎಂದು ಕೇಳುತ್ತಾಳೆ. ಪ್ರತಿ ಸಲವೂ ಹೀಗೇ ಅಂತೆ, ಊರವರಿಗೆ ಅದು ತಮಾಷೆ. ಹಾಗೇ ಬಗ್ಗುತ್ತಾ ಬಗ್ಗುತ್ತಾ ನನ್ನ ಹತ್ತಿರ ಬಂದಳು.

"ಏಳಿ ಅಕ್ಕಾ, ಬೀಗ ಹಾಕ್ಬೇಕು."

"ಸುಗುಣಾ, ತಪ್ಪಾಯ್ತು ಕಣೇ" ಅಂದೆ. ಅಳು ಬಂತು. "ಈಗ ನಾನು ಏನು ಮಾಡ್ಲಿ ಹೇಳು."

ಅವಳು ನನ್ನ ಬೆಂಚಿನ ಕೆಳಗೂ ಒಮ್ಮೆ ಬಗ್ಗಿ ನೋಡಿ ಎದ್ದಳು.

"ಪ್ರಾರ್ಥನೆ ಮಾಡ್ಕೊಂಡು ಮನೆಗೆ ಹೋಗಿ ಅಕ್ಕಾ. ಎಲ್ಲಾ ಸರಿಹೋಗುತ್ತೆ."

ನನ್ನದೇ ಮಾತು. ಇಪ್ಪತ್ತೆರಡು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಎದ್ದು ಹೊರಗೆ ಬಂದೆ.

ಬೀರೂರಿನ ಬಸ್ಸು ಬೇವಿನ ಮರದ ಮುಂದೆಯೇ ತಿರುಗಿಕೊಂಡು ಹೋಗುತ್ತದೆ. ಉಳಿದ ಪುಸ್ತಕಗಳ ಕಟ್ಟು ನನ್ನ ತೊಡೆಯ ಮೇಲಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಸುಗುಣ ಬಸ್ಸಿನ ಕಡೆ ತಿರುಗಲಿಲ್ಲ. ಹಾಕಿದ ಬೀಗವನ್ನು ಬಲಗೈಯಲ್ಲಿ ಹಿಡಿದು ಒಂದು ಸಲ, ಇನ್ನೊಂದು ಸಲ ಎಳೆದು ನೋಡುತ್ತಿದ್ದಳು. ಎಡಗೈ ಸೆರಗಿನ ಒಳಗೇ ಇತ್ತು.