ಅಡುಗೆಮನೆ ಹಿಂದಿನ ಹೊಂಡ

ಮರದ ಮಿಲ್ಲು ಮುಚ್ಚಿದ ಮೇಲೆ ಅದರ ಹಿಂದಿನ ಜಾಗದ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಇಳಿಜಾರು ನೆಲ; ಮಣ್ಣು ಕಾಣಬೇಕಾದರೆ ಮೊದಲು ಮೊಣಕಾಲುದ್ದದ ಮರದ ಹೊಟ್ಟು ಕೆರೆಯಬೇಕು. ಲಿಫ್ಟ್ ಮೆಕ್ಯಾನಿಕ್ ಮತ್ತು ಅವನ ಹೆಂಡತಿ ಟೈಲರಮ್ಮ ಅದನ್ನು ಕೊಂಡರು. ಅಲ್ಲೊಂದು ಸಣ್ಣ ತೋಟ ಮಾಡಬೇಕು, ಮನೆಗೆ ಬೇಕಾದ್ದನ್ನು ಅಲ್ಲೇ ಬೆಳೆಯಬೇಕು, ಅಂಗಡಿಯ ಗೊಬ್ಬರ ಔಷಧಿ ಒಳಗೆ ಬರಕೂಡದು, ಅಲ್ಲಿಯದೆಲ್ಲ ಅಲ್ಲೇ ಕೊಳೆತು ಅಲ್ಲಿಗೇ ಸೇರಬೇಕು ಎಂಬುದು ಇಬ್ಬರ ಆಸೆ. ಮದುವೆಯಾದಂದಿನಿಂದ ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂಬುದರಲ್ಲೂ ಒಮ್ಮತವಿಲ್ಲದ ಆ ದಂಪತಿ ಒಟ್ಟಿಗೆ ಆಸೆಪಟ್ಟ ಮೊದಲ ಸಂಗತಿ ಇದು.

ಮಿಲ್ಲಿನ ಹಳೇ ಆಫೀಸೇ ಮನೆಯಾಯಿತು. ಕ್ಯಾಶಿಯರ್ ಕೂರುತ್ತಿದ್ದ ಕೋಣೆ ಅಡುಗೆಮನೆ. ಅದರ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಂಡಿ ಇತ್ತು. ಮೆಕ್ಯಾನಿಕ್‌ನ ತಾಯಿಗೆ ಮಂಡಿನೋವು, ಕಣ್ಣೂ ಮಂಜು. ಕೇರಿಯವರೆಲ್ಲ ಅಜ್ಜಿ ಎಂದು ಕರೆಯುವ ಅವಳು ತನ್ನ ಕುರ್ಚಿಯನ್ನು ಆ ಕಂಡಿಯ ಪಕ್ಕ ಹಾಕಿಸಿಕೊಂಡಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕೂತು ಸವೆದ ಜೀವ; ಕೂರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಮೊದಲ ಕೆಲಸ ಮಳೆನೀರು ನಿಲ್ಲಲು ಹೊಂಡ ತೋಡಿಸುವುದು. ಜೆಸಿಬಿ ಬಂದು ನಿಂತಿತು. ಟೈಲರಮ್ಮ ಟೇಪು ಹಿಡಿದು ಹೊರಗೆ ಬಂದಳು.

"ಹೊಂಡ ಕೆಳಗಿನ ಮೂಲೇಲಿ. ನೀರು ಹರಿಯೋದೇ ಅಲ್ಲಿಗೆ" ಎಂದ ಮೆಕ್ಯಾನಿಕ್.

"ಆಮೇಲೆ ಅದನ್ನ ಗಿಡಕ್ಕೆ ಹೊತ್ತು ತರೋರು ಯಾರು? ಮೇಲ್ಗಡೆ ತೋಡಿಸಿ, ತಾನೇ ಇಳಿದು ಬರುತ್ತೆ."

"ಮೇಲೆ ಹತ್ತಿಸೋದು ನಂಗೆ ಬಿಡು. ಇಷ್ಟು ವರ್ಷ ಅದೇ ಕೆಲಸ ಮಾಡಿದ್ದು."

"ನೀವು ರಿಪೇರಿ ಮಾಡಿದ ಲಿಫ್ಟಲ್ಲೇ ಅಲ್ವಾ ನಾನು ಸಿಕ್ಕಾಕ್ಕೊಂಡಿದ್ದು?"

ಜೆಸಿಬಿ ಡ್ರೈವರ್ ನಕ್ಕ. ಅವನು ನಗಬಾರದಿತ್ತು. ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು.

"ಟೇಪು ಹಿಡಿದೋರಿಗೆಲ್ಲ ನೆಲ ಅಳೆಯೋಕೆ ಬರಲ್ಲ. ಇದೇನು ಪ್ಯಾಂಟಾ?"

ಟೈಲರಮ್ಮ ಟೇಪು ಸುತ್ತಿ ಒಳಗೆ ಹೋದಳು. ಸಂಜೆ ಟೀ ಹೊತ್ತಿಗೆ ಸರಿಹೋಗುತ್ತದೆ ಎಂದು ಅವನು ಅಂದುಕೊಂಡ. ಕ್ಷಮೆ ಕೇಳುತ್ತಾನೆ ಎಂದು ಅವಳು ಅಂದುಕೊಂಡಳು. ಟೀ ಬಂತು, ಲೋಟ ಮೇಜಿನ ಮೇಲೆ ಕುಕ್ಕಿದ ಸದ್ದೂ ಬಂತು, ಮಾತು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಹಾಗೆಂದು ಕೆಲಸ ನಿಲ್ಲಿಸುವಂತಿರಲಿಲ್ಲ, ಸಸಿಗಳು ತಂದಾಗಿತ್ತು.

"ಅಮ್ಮ, ಹೊಂಡ ಕೆಳಗಿನ ಮೂಲೇಲೇ ಅಂತ ಹೇಳು ಅವಳಿಗೆ" ಎಂದ ಮೆಕ್ಯಾನಿಕ್ ಕಂಡಿಯ ಹೊರಗೆ ನಿಂತು.

ಅಜ್ಜಿ ಯೋಚಿಸಿದಳು. ಕೆಳಗಿನ ಮೂಲೆ ದೂರ. ಸೊಪ್ಪು ತೊಳೆಯಲು ಕಳಿಸಿದರೆ ತಾನು ಅಷ್ಟು ದೂರ ನಡೆಯಬೇಕು. ಅವಳು ಒಳಗೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ಸೊಸೆಯ ಕಡೆ ತಿರುಗಿ, "ಅಡುಗೆಮನೆ ಹಿಂದೆ ತೋಡಿಸೋಣ ಅಂತಾನಮ್ಮ" ಎಂದಳು.

ಟೈಲರಮ್ಮನಿಗೆ ಆಶ್ಚರ್ಯವಾಯಿತು. ಅರ್ಧ ಇಳಿದು ಬಂದಿದ್ದಾನೆ. ತಾನೂ ಅರ್ಧ ಇಳಿಯದಿದ್ದರೆ ಚೆನ್ನಾಗಿರುವುದಿಲ್ಲ. "ಆಗಲಿ ಅನ್ನಿ ಅತ್ತೆ."

ಅಜ್ಜಿ ಕಂಡಿಯಿಂದ ಹೊರಗೆ ಹೇಳಿದಳು: "ಅಡುಗೆಮನೆ ಹಿಂದೆ ಆದ್ರೆ ಒಪ್ತೀನಿ ಅಂದ್ಲು."

ಮೇಲ್ಗಡೆಯೇ ಬೇಕೆಂದು ಹಟ ಹಿಡಿದವಳು ಇಷ್ಟು ಬಗ್ಗಿದಳಲ್ಲ ಎಂದು ಅವನೂ ತೆಪ್ಪಗಾದ. ಹೊಂಡ ಅಡುಗೆಮನೆ ಹಿಂದೆ ಆಯಿತು.

ಆಮೇಲೆ ತೋಟ ಬೆಳೆದದ್ದೆಲ್ಲ ಹೀಗೆಯೇ. ಕೋಳಿಗೂಡು ಗೇಟಿನ ಹತ್ತಿರ ಎಂದು ಅವನು ಹೇಳಿಕಳಿಸಿದ. ಅದು ಕಂಡಿಯ ಎದುರಿದ್ದ, ಮಿಲ್ಲಿನ ಕಾಲದ ಸೀಬೆಮರಗಳ ಕೆಳಗೆ ಬಂತು, ಏಕೆಂದರೆ ತರಕಾರಿ ಸಿಪ್ಪೆಯನ್ನು ಅಜ್ಜಿ ಕೂತಲ್ಲಿಂದಲೇ ಎಸೆಯಬಹುದಿತ್ತು. ಕೋಳಿಗಳು ಸಿಪ್ಪೆ ತಿಂದು, ಹುಳ ಹೆಕ್ಕಿ, ಮರದ ಬುಡಕ್ಕೆ ಗೊಬ್ಬರ ಹಾಕಿದವು. ಆಡಿನ ಕೊಟ್ಟಿಗೆ ಮನೆಗೆ ಒತ್ತಿಕೊಂಡಿರಲಿ ಎಂದು ಅವಳು ಹೇಳಿಕಳಿಸಿದಳು. ಅಜ್ಜಿಗೆ ಆಡಿನ ವಾಸನೆ ಆಗದು, ಕೊಟ್ಟಿಗೆ ಇಳಿಜಾರಿನ ಮೇಲಿನ ತುದಿಗೆ ಹೋಯಿತು. ಅಲ್ಲಿ ಮಿಲ್ಲಿನ ಹೊಟ್ಟನ್ನೇ ಹಾಸಿದರು. ಹೊಟ್ಟು, ಹಿಕ್ಕೆ, ಗಂಜಲ ಎಲ್ಲ ಕಲೆತು ಕೊಳೆತು, ಮಳೆ ಬಂದಾಗ ಅದರ ಸಾರ ತಾನಾಗಿಯೇ ಪಾತಿಗಳಿಗೆ ಇಳಿಯಿತು. ಬಚ್ಚಲ ನೀರಿನ ಜಾಗದಲ್ಲಿ ಸೊಳ್ಳೆ ಕಾಟವೆಂದು ಅಲ್ಲಿಗೆ ಬಾಳೆ ಬಂತು.

ಗಂಡ ಹೆಂಡತಿ ಒಬ್ಬರಿಗೊಬ್ಬರು ಸೊಪ್ಪು ಹಾಕಲಿಲ್ಲ. ಆಡುಗಳಿಗೆ ಮಾತ್ರ, ಇನ್ನೊಬ್ಬರು ಹಾಕಿದ್ದಾರೋ ಇಲ್ಲವೋ ಕೇಳುವಂತಿಲ್ಲದ್ದರಿಂದ, ಇಬ್ಬರೂ ಹಾಕಿದರು. ಆಡುಗಳು ದುಂಡಗಾದವು.

ಅಜ್ಜಿ ಆಗಾಗ ಯಾರೂ ಕೊಡದ ಸುದ್ದಿಯನ್ನೂ ತಲುಪಿಸುತ್ತಿದ್ದಳು. "ನೀನು ನೆಟ್ಟ ಬದನೆ ಒಂದೂ ಬಾಡಲ್ವಂತೆ. ಕೈಗುಣ ಅಂದ್ರೆ ಅವಳದು ಅಂತಿದ್ದ." ಆ ಸಂಜೆ ಟೈಲರಮ್ಮ ಇನ್ನೊಂದು ಪಾತಿ ಅಗೆದಳು. "ನೀನು ಹಾಕಿದ ಬೇಲಿ ಅವಳ ಹೊಲಿಗೆಗಿಂತ ನೇರವಾಗಿದೆಯಂತೆ." ಮೆಕ್ಯಾನಿಕ್ ಉಳಿದ ಬೇಲಿಯನ್ನು ಊಟ ಮರೆತು ಮುಗಿಸಿದ. ರಾತ್ರಿ ಒಂದೇ ಮಂಚದಲ್ಲಿ, ಬೆನ್ನಿಗೆ ಬೆನ್ನು ಹಾಕಿಕೊಂಡು, ಇಬ್ಬರೂ ಸಮಾಧಾನದಿಂದ ಮಲಗುತ್ತಿದ್ದರು.

ಒಂದು ಮಳೆಗಾಲ ಕಳೆದು ಬೇಸಿಗೆ ಬಂತು. ಅಜ್ಜಿಯ ಕಣ್ಣಿನ ಪೊರೆ ತೆಗೆಸಬೇಕೆಂದು ಅವಳ ಮಗಳು ಬಂದು ಕರೆದುಕೊಂಡು ಹೋದಳು. ಮನೆಯಲ್ಲಿ ಇಬ್ಬರೇ ಉಳಿದರು. ಬಾಯಿಗೆ ಬಿದ್ದ ಬೀಗ ತೆಗೆಯಲು ಇಬ್ಬರಿಗೂ ಮುಜುಗರ. ಕೊನೆಗೆ ಕೋಳಿಗಳೊಂದಿಗೆ ಮಾತಾಡತೊಡಗಿದರು. "ಸಕ್ಕರೆ ಡಬ್ಬ ಎಲ್ಲಿಟ್ಟಿದ್ದಾರೋ ಏನೋ" ಎಂದು ಅವನು ಕೆಂಪು ಹೇಂಟೆಗೆ ಹೇಳಿದರೆ, "ಕಣ್ಮುಂದೆ ಇರೋದು ಕಾಣ್ದೇ ಇದ್ರೆ ಯಾರೇನು ಮಾಡೋಕಾಗುತ್ತೆ" ಎಂದು ಅವಳು ಅದೇ ಹೇಂಟೆಗೆ ಹೇಳುವಳು.

ಕೇರಿಯ ನಲ್ಲಿಗಳೆಲ್ಲ ಒಣಗಿದ ಒಂದು ಮಧ್ಯಾಹ್ನ ಟೈಲರಮ್ಮ ಹೊಂಡದ ಅಂಚಿನಲ್ಲಿ ಕೂತು ಸೊಪ್ಪು ತೊಳೆಯುತ್ತಿದ್ದಳು. ಹೊಂಡದಲ್ಲಿ ಇನ್ನೂ ಸೊಂಟದ ಮಟ್ಟ ನೀರಿತ್ತು. ಅವನು ಕೊಡ ಹಿಡಿದು ಬಂದ.

"ಹೊಂಡ ಇಲ್ಲೇ ಇರ್ಲಿ ಅಂದೋರ ಬುದ್ಧಿ ಮೆಚ್ಚಬೇಕು" ಎಂದಳು ಟೈಲರಮ್ಮ ಹೇಂಟೆಗೆ.

"ನೋಡಿದ್ಯಾ, ತನ್ನನ್ನ ತಾನೇ ಹೊಗಳ್ಕೊಳ್ತಾಳೆ" ಎಂದ ಅವನು ಹೇಂಟೆಗೆ.

ಹೇಂಟೆ ಎದ್ದು ಹೋಯಿತು. ಇಬ್ಬರೂ ಮುಖ ನೋಡಿಕೊಂಡರು.

"ನಾನ್ಯಾವಾಗ ಅಂದೆ? ನೀವಲ್ವಾ ಹೇಳಿಕಳಿಸಿದ್ದು?"

"ನಾನು ಕೆಳಗಿನ ಮೂಲೆ ಅಂದಿದ್ದು. ಇಲ್ಲಿ ಆದ್ರೆ ಒಪ್ತೀನಿ ಅಂತ ನೀನು ಅಂದೆ ಅಂದ್ಲು ಅಮ್ಮ."

"ಕೋಳಿಗೂಡು?"

"ಗೇಟ್ ಹತ್ರ ಅಂದಿದ್ದೆ. ಕೊಟ್ಟಿಗೆ?"

"ಮನೆಗೆ ಒತ್ತಿಸಿ ಅಂದಿದ್ದೆ ರೀ!"

ಸೊಪ್ಪನ್ನು ಅಲ್ಲೇ ಬಿಟ್ಟು ಇಬ್ಬರೂ ತೋಟವಿಡೀ ಸುತ್ತಿದರು. ಒಂದೊಂದರ ಮುಂದೆಯೂ ನಿಂತು ವಿಚಾರಿಸಿದರು. ಇಬ್ಬರೂ ಹೇಳಿದ ಜಾಗದಲ್ಲಿ ಇದ್ದದ್ದು ಗೇಟು ಮಾತ್ರ, ಅದು ಮಿಲ್ಲಿನವರು ಹಾಕಿಸಿದ್ದು. ಬದನೆ ಪಾತಿಯ ಹತ್ತಿರ ಟೈಲರಮ್ಮ ನಿಂತುಬಿಟ್ಟಳು.

"ನಂದು ಕೈಗುಣ ಅಂದಿದ್ರಂತೆ. ಅದೂ ಸುಳ್ಳಾ?"

ಮೆಕ್ಯಾನಿಕ್ ಕೊಡವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಅಂದಿಲ್ಲ" ಎಂದ. ಆಮೇಲೆ, "ಅಂದ್ಕೊಂಡಿದ್ದೆ" ಎಂದ.

ಅವಳು ಮುಖ ತಿರುಗಿಸಿ ಒಂದು ಬದನೆಕಾಯಿ ಕಿತ್ತಳು. ಅದು ಇನ್ನೂ ಬಲಿತಿರಲಿಲ್ಲ.

"ಪ್ಯಾಂಟ್ ಅಂದಿದ್ದು ತಪ್ಪಾಯ್ತು" ಎಂದ ಅವನು.

"ಲಿಫ್ಟಲ್ಲಿ ನಾನು ಸಿಕ್ಕಾಕ್ಕೊಂಡಿದ್ದು ಕರೆಂಟ್ ಹೋಗಿ" ಎಂದಳು ಅವಳು.

ಸಂಜೆ ಇಬ್ಬರೂ ಸೇರಿ ಅಜ್ಜಿಗೆ ಫೋನು ಹಚ್ಚಿ ಜೋರು ಮಾಡಿದರು. ಅಜ್ಜಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ.

"ಎಕ್ಸ್‌ಚೇಂಜಲ್ಲಿ ಕೂತು ಜನರ ಮಾತನ್ನ ಹಾಗ್ಹಾಗೇ ದಾಟಿಸಿದೀನಿ ಕಣ್ರೋ. ಅಷ್ಟೂ ಜನ ಕಿತ್ತಾಡಿದ್ರು. ಒಂದು ಮಾತೂ ಸೇರಿಸ್ದೆ ಕೂತಿದ್ದಕ್ಕೆ ಪೆನ್ಷನ್ ಕೊಟ್ರು. ಈಗ ನಂದು ರಿಟೈರ್ಡ್ ಬಾಯಿ."

"ಆದ್ರೂ ಅತ್ತೆ, ತೋಟದ ವಿಷಯ ನಿಮಗೆ ಹೇಗೆ ಗೊತ್ತಿತ್ತು?"

"ನಂಗೇನು ಗೊತ್ತಮ್ಮ? ನಂಗೆ ಮಂಡಿನೋವು."

ಎರಡು ವಾರದ ಮೇಲೆ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಗೇಟಿನಲ್ಲೇ ನಿಂತು ಕನ್ನಡಕ ಎತ್ತಿ ತೋಟವನ್ನು ಮೊದಲ ಸಲ ಸ್ಪಷ್ಟವಾಗಿ ನೋಡಿದಳು. ಬಾಳೆಯ ನಡುವೆ ಕುಂಬಳದ ಬಳ್ಳಿ, ಸೀಬೆಯ ಕೆಳಗೆ ಕೋಳಿ, ಪಾತಿಗಳು ಎತ್ತ ಬೇಕೋ ಅತ್ತ.

"ಅಯ್ಯೋ, ಏನೋ ಇದು! ಒಂದು ಸಾಲಿಲ್ಲ, ಒಂದು ಓರಣ ಇಲ್ಲ. ಯಾರು ಮಾಡಿದ್ದು ಹೀಗೆ?"

"ನಾವೇ" ಎಂದರು ಗಂಡ ಹೆಂಡತಿ ಒಟ್ಟಿಗೆ. ಅಜ್ಜಿ ಇಡೀ ದಿನ ಏನೆಲ್ಲ ಸ್ಥಳಾಂತರ ಮಾಡಬೇಕೆಂದು ಹೇಳಿದಳು. ಅವರು ಟೀ ಕೊಟ್ಟರು, ಒಂದು ಗಿಡವನ್ನೂ ಅಲುಗಿಸಲಿಲ್ಲ.

ಈಗ ಆ ತೋಟ ಮೂವರ ಹೊಟ್ಟೆ ತುಂಬಿಸಿ ಮಿಕ್ಕಿದ್ದನ್ನು ಕೇರಿಗೂ ಕೊಡುತ್ತದೆ. ಗಂಡ ಹೆಂಡತಿ ಮಾತು ಬಿಟ್ಟಿಲ್ಲ. ಪ್ರತಿ ವಿಷಯಕ್ಕೂ ಗಂಟಲು ಹರಿಯುವಂತೆ ಜಗಳವಾಡುತ್ತಾರೆ, ಕೆಲಸ ಮೊದಲಿಗಿಂತ ನಿಧಾನವಾಗಿದೆ. ಸದ್ಯ ಅವನಿಗೆ ಜೇನುಪೆಟ್ಟಿಗೆ ಇಡುವ ಆಸೆ, ಅವಳಿಗೆ ಜೇನುಹುಳವೆಂದರೆ ಪ್ರಾಣಭಯ. ಹುಳ ಕಚ್ಚದ ಹಾಗೆ ತಲೆಯಿಂದ ಕಾಲಿನವರೆಗೆ ಒಂದು ಉಡುಪು ಹೊಲಿದುಕೊಂಡ ಮೇಲೆ ನೋಡೋಣ ಎಂದಿದ್ದಾಳೆ. ಬಟ್ಟೆ ತಂದಾಗಿದೆ, ತೋಳಿನ ಅಳತೆಯಲ್ಲಿ ಇನ್ನೂ ಒಪ್ಪಂದವಾಗಿಲ್ಲ.